ಹದಿನೆಂಟು ಮೈಲಿ, ಏಳು ಗಂಟೆ ನಲವತ್ತು ನಿಮಿಷ

ಸ್ಕೆಲ್ವಿಗ್ ಊರಿನ ಸಭಾಮಂದಿರದ ಎದುರು ಸೈಕಲ್ ಸವಾರರಿಗಾಗಿ ಒಂದು ದಾರಿಹಲಗೆ ನಿಲ್ಲಿಸಬೇಕೆಂದು ಸಮಿತಿಯವರು ತೀರ್ಮಾನಿಸಿದಾಗ, ಅದನ್ನು ಬರೆಯುವ ಕೆಲಸ ಫಾರ್ಕರನನ್ನು ಬಿಟ್ಟು ಇನ್ಯಾರಿಗೆ ಹೋಗಬೇಕಿತ್ತು? ಮೂವತ್ತೆಂಟು ವರ್ಷ ಆ ಕಡಲಂಚನ್ನೂ ಗುಡ್ಡವನ್ನೂ ಸುತ್ತಿ ಅಂಚೆ ಹಂಚಿದವನು ಅವನು, ಅದೂ ಕೆಂಪು ಸೈಕಲ್ಲಿನಲ್ಲಿ. ಮೇಲಿನವರು ವ್ಯಾನು ಕೊಟ್ಟಾಗ, ಅದರಲ್ಲಿ ಕೂತರೆ ಕಾಲು ಜೋಮು ಹಿಡಿಯುತ್ತದೆಂದು ಮಾರನೆಯ ದಿನವೇ ವಾಪಸ್ಸು ಕಳಿಸಿದ ಆಸಾಮಿ.

ನಿವೃತ್ತನಾಗಿ ನಾಲ್ಕು ವರ್ಷವಾಗಿತ್ತು. ಈ ನಾಲ್ಕು ವರ್ಷದಲ್ಲಿ ಅವನು ಆ ದಾರಿಯ ಒಂದು ಮನೆಯ ಗೇಟನ್ನೂ ದಾಟಿರಲಿಲ್ಲ. ಜಗಳವೇನೂ ಇಲ್ಲ. ಕೈಯಲ್ಲಿ ಕಾಗದವಿಲ್ಲದೆ ಒಬ್ಬರ ಬಾಗಿಲಲ್ಲಿ ಹೋಗಿ ನಿಂತು ಏನೆಂದು ಹೇಳುವುದು? ಅದರಲ್ಲೂ ಕೊನೆಯ ಮನೆಯ ಪೆಗ್ಗಿಯ ಬಾಗಿಲಲ್ಲಿ? ಪೆಗ್ಗಿ ಮೀನುಬಲೆ ಹೆಣೆಯುವವಳು, ಅರವತ್ತು ದಾಟಿದ ಒಂಟಿ ಹೆಂಗಸು, ಬಾಯಿ ತೆರೆದರೆ ಮೆಣಸಿನಕಾಯಿ. ಅವಳ ಒಲೆಯ ಪಕ್ಕ ತಾನು ಕೂರುತ್ತಿದ್ದ ಕುರ್ಚಿ ನೆನಪಾದರೆ ಫಾರ್ಕರನಿಗೆ ರಾತ್ರಿ ಊಟ ಸೇರುತ್ತಿರಲಿಲ್ಲ. ತಾನಂತೂ ಹೋಗಲಾರೆ, ಹೋಗಿಬಂದವರ ಬಾಯಿಂದ ಅವಳ ಸುದ್ದಿಯಾದರೂ ಸಿಕ್ಕೀತು ಎಂಬ ಆಸೆಗೇ ಅವನು ಹಲಗೆಯ ಕೆಲಸ ಒಪ್ಪಿಕೊಂಡದ್ದು. ಇದನ್ನು ಯಾರಿಗೂ ಹೇಳಿರಲಿಲ್ಲ, ಬಿಡಿ. ಹೇಳುವ ಜಾತಿಯವನಲ್ಲ.

ಅವನು ಬರೆದದ್ದು ಹೀಗಿತ್ತು. ಲಾಬ್‌ಸ್ಟರ್ ಹಿಡಿಯುವ ರೂರಿಯ ಮನೆಗೆ ನಾಲ್ಕು ಮೈಲಿ, ಒಂದೂಮುಕ್ಕಾಲು ಗಂಟೆ. ಅಲ್ಲಿಂದ ಗುಡ್ಡ ಹತ್ತಿಳಿದು ಅಕ್ಕತಂಗಿಯರ ಮನೆಗೆ ಆರು ಮೈಲಿ, ಎರಡೂವರೆ ಗಂಟೆ. ಅಲ್ಲಿಂದ ಮಟ್ಟಸವಾದ ಕಡಲ ದಾರಿಯಲ್ಲಿ ಪೆಗ್ಗಿಯ ಮನೆಗೆ ಐದು ಮೈಲಿ, ಮೂರು ಗಂಟೆಗೆ ಹತ್ತು ನಿಮಿಷ ಕಮ್ಮಿ. ಮತ್ತೆ ಊರಿಗೆ ಮೂರು ಮೈಲಿ, ಮೂವತ್ತೈದು ನಿಮಿಷ. ಒಟ್ಟು ಏಳು ಗಂಟೆ ನಲವತ್ತು ನಿಮಿಷ.

ಸಮಿತಿಯ ಅಧ್ಯಕ್ಷ ಯುವನ್, ಫಾರ್ಕರನ ಭಾವ, ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದ. ಅಕ್ಕತಂಗಿಯರ ಮನೆಗೆ ಎರಡೂವರೆ ಸಾಕಾಗುತ್ತದೆಯೇ, ಅಕ್ಕ ಮರ್ಡೀನಾ ತನ್ನ ಸೊಂಟನೋವಿನ ವಿಷಯ ತೆಗೆದರೆ ಏನು ಗತಿ ಎಂದು ಕೇಳಿದ. ಸೊಂಟವನ್ನೂ ಸೇರಿಸಿಯೇ ಬರೆದಿದ್ದೇನೆ ಎಂದ ಫಾರ್ಕರ್. ಎಲ್ಲರೂ ತಲೆಯಾಡಿಸಿದರು, ಹಲಗೆ ನಿಂತಿತು. ಅದರಲ್ಲಿ ತಪ್ಪು ಕಾಣಬೇಕಾದರೆ ಬೇರೆ ಊರಲ್ಲಿ ಹುಟ್ಟಿರಬೇಕು. ಸ್ಕೆಲ್ವಿಗ್‌ನವರಿಗೆ ದಾರಿಯೆಂದರೆ ದಾರಿಯಲ್ಲಿರುವ ಮನೆಗಳೂ, ಅವರ ಚಹಾವೂ, ಅವರ ಸೊಂಟವೂ ಸೇರಿಯೇ.

ಮೇ ತಿಂಗಳು ಪೂರ್ತಿ ಸವಾರರು ಬಂದರು, ಹಲಗೆ ಓದಿದರು, ಗುಡ್ಡದ ಕಡೆ ನೋಡಿದರು, ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಹೋದರು. ಹದಿನೆಂಟು ಮೈಲಿಗೆ ಒಂದು ಹಗಲು ಬೇಕಾದರೆ ಅದು ದಾರಿಯಲ್ಲ, ಗೋಡೆ ಇರಬೇಕು. ಸುದ್ದಿ ದಕ್ಷಿಣಕ್ಕೆ ಹೋಗುತ್ತ ಹೋಗುತ್ತ ರೆಕ್ಕೆಪುಕ್ಕ ಕಟ್ಟಿಕೊಂಡಿತು. ಕಡಲ ದಾರಿಯ ಐದು ಮೈಲಿ ಮಟ್ಟಸವಂತೆ, ಆದರೂ ಮೂರು ಗಂಟೆಯಂತೆ. ಅಲ್ಲಿ ಆಳೆತ್ತರದ ಕೆಸರಿದೆಯೆಂದು ಕೆಲವರು, ಹೋರಿ ಇದೆಯೆಂದು ಕೆಲವರು.

ಜೂನ್ ತಿಂಗಳ ಒಂದು ಶನಿವಾರ ದಕ್ಷಿಣದ ಪರ್ತ್ ಕಡೆಯ ಸೈಕಲ್ ಸಂಘದ ಹನ್ನೆರಡು ಮಂದಿ ಬಂದಿಳಿದರು. ತೊಡೆ ಒಂದೊಂದೂ ಬೆಣ್ಣೆ ಕಡೆಯುವ ಪೀಪಾಯಿಯಷ್ಟು. ಜೊತೆಗೆ ಒಂದು ವ್ಯಾನು, ಗಾಯಕ್ಕೆ ಪಟ್ಟಿ, ಹಗ್ಗ, ಹೋರಿಗೆಂದು ಒಂದು ಸೀಟಿ. ಮುಖಂಡ ಗ್ರೇಮ್ ಎಂಬ ಮೂವತ್ತರ ಹುರಿಯಾಳು ಹಲಗೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡ. ಒಂಬತ್ತಕ್ಕೆ ಹೊರಟರು. ಐದು ಗಂಟೆಗೆ ಸೂಪು ಸಿದ್ಧವಿರುತ್ತದೆಂದು ಯುವನ್ ಹೇಳಿ ಕಳಿಸಿದ.

ಹತ್ತೂ ಇಪ್ಪತ್ತಕ್ಕೆ ಹನ್ನೆರಡೂ ಮಂದಿ ವಾಪಸ್ಸು ಬಂದರು. ಯುವನ್ ಇನ್ನೂ ಕ್ಯಾರೆಟ್ ಹೆಚ್ಚುತ್ತಿದ್ದ.

ಗ್ರೇಮನ ಮುಖ ಕುದಿಯುತ್ತಿತ್ತು. ಮೂರು ವಾರ ಇದಕ್ಕೆಂದೇ ಅಭ್ಯಾಸ ಮಾಡಿದ್ದನಂತೆ, ಬೆವರು ಕೂಡ ಬರಲಿಲ್ಲವಂತೆ, ಹೋರಿಯ ಜಾಗದಲ್ಲಿ ಒಂದು ಬಾತುಕೋಳಿ ಇತ್ತಂತೆ. "ಯಾರ್ರೀ ಇದನ್ನ ಬರೆದೋರು? ಒಂದು ಗಂಟೆ ಇಪ್ಪತ್ತು ನಿಮಿಷದ ದಾರಿಗೆ ಏಳೂಮುಕ್ಕಾಲು ಗಂಟೆ ಅಂತ ಬರೀತೀರಲ್ಲ, ಮರ್ಯಾದೆ ಇದೆಯಾ?"

ಫಾರ್ಕರನಿಗೆ ನಿಜಕ್ಕೂ ಅರ್ಥವಾಗಲಿಲ್ಲ. ಪೆಗ್ಗಿ ಹೇಗಿದ್ದಾಳೆ ಎಂದು ಕೇಳಿದ. ಯಾವ ಪೆಗ್ಗಿ ಎಂದ ಗ್ರೇಮ್.

"ಹಾಗಾದ್ರೆ ನೀವು ದಾರಿ ಮುಗಿಸೇ ಇಲ್ಲ ಕಣಯ್ಯ," ಎಂದ ಫಾರ್ಕರ್. "ಅರ್ಧಕ್ಕೆ ಬಂದು ಜಂಭ ಕೊಚ್ಕೋಬೇಡ."

ಅಷ್ಟರಲ್ಲಿ ಮಂದಿರದ ಫೋನು ಬಡಿದುಕೊಂಡಿತು. ರೂರಿ. ಇವತ್ತು ಹಲಗೆ ನೋಡಿ ಹನ್ನೆರಡು ಜನ ಬರುತ್ತಾರೆಂದು ಗಡ್ಡ ಬೋಳಿಸಿಕೊಂಡಿದ್ದೆ, ನಾಲ್ಕು ವರ್ಷಕ್ಕೆ ಮೊದಲ ಸಲ, ಒಬ್ಬನೂ ತಿರುಗಿ ನೋಡಲಿಲ್ಲವೆಂದು ಗೋಳಾಡಿದ. ಆಮೇಲೆ ಮರ್ಡೀನಾ. ಅವಳ ಬೆನ್ನಿಗೇ, ಅದೇ ಮನೆಯಿಂದ ಬೇರೆ ಫೋನಿನಲ್ಲಿ, ಅವಳ ಜೊತೆ ಹನ್ನೊಂದು ವರ್ಷದಿಂದ ಮಾತು ಬಿಟ್ಟಿರುವ ತಂಗಿ. ಇಬ್ಬರೂ ಬೇರೆ ಬೇರೆ ಕಡುಬು ಬೇಯಿಸಿದ್ದರು. ಕೊನೆಗೆ ಪೆಗ್ಗಿ. ಫೋನು ಯುವನ್‌ನ ಕಿವಿಗಿದ್ದರೂ ಮಾತು ಹೊರಗಿನ ಕುರಿಗಳಿಗೂ ಕೇಳಿಸಿತು.

"ನನಗೇನು ಪ್ಲೇಗು ಬಂದಿದ್ಯಾ? ಕೆಟಲು ಒಂಬತ್ತರಿಂದ ಕುದೀತಿದೆ. ಗೇಟಲ್ಲಿ ಗಾಳಿ ಹಾಗೆ ಹೋದ್ರು. ಒಳಗೆ ಬರೋದು ಹೇಗೆ ಅಂತ ಗೊತ್ತಿರೋ ಯಾರನ್ನಾದ್ರೂ ಕಳಿಸು."

ಯುವನ್ ಫೋನಿಟ್ಟು ಫಾರ್ಕರನ ಕಡೆ ನೋಡಿದ. ಎಲ್ಲರೂ ಫಾರ್ಕರನ ಕಡೆ ನೋಡಿದರು. ಅವನು ತನಗೆ ಮಂಡಿನೋವೆಂದ. ನಿನ್ನೆ ಸಂಜೆ ಕುರಿ ಅಟ್ಟಿಸಿಕೊಂಡು ಓಡುತ್ತಿದ್ದಾಗ ಆ ನೋವು ಎಲ್ಲಿತ್ತೆಂದು ಯುವನ್ ಕೇಳಿದ.

ಅಂತೂ ಹನ್ನೊಂದಕ್ಕೆ ಮೆರವಣಿಗೆ ಹೊರಟಿತು. ಮುಂದೆ ಕೆಂಪು ಸೈಕಲ್ಲು, ಹಿಂದೆ ಹನ್ನೆರಡು ಹುರಿಯಾಳುಗಳು, ಅವರ ಹಿಂದೆ ವ್ಯಾನು. ರೂರಿಯ ಮನೆಯಲ್ಲಿ ಸ್ಕೋನೆಂಬ ದಪ್ಪ ಪುಟ್ಟ ರೊಟ್ಟಿ, ಬೆಣ್ಣೆ, ಹೊಗೆ ಹಾಕಿದ ಮೀನು. ಬೇಡವೆಂದವನ ತಟ್ಟೆಗೆ ಎರಡು ಬಿದ್ದವು. ಅಲ್ಲೇ ಮೂವರು ವ್ಯಾನು ಹತ್ತಿದರು. ಅಕ್ಕತಂಗಿಯರ ಮನೆ ನಿಜವಾದ ಗುಡ್ಡ. ಅಕ್ಕನ ಕೋಣೆಯಲ್ಲಿ ಬಟ್ಟೆಯಲ್ಲಿ ಕಟ್ಟಿ ಬೇಯಿಸಿದ ಒಣದ್ರಾಕ್ಷಿಯ ಕಡುಬು, ಅದರ ಜೊತೆ ಸೊಂಟ. ಗೋಡೆಯಾಚೆ ತಂಗಿಯ ಕೋಣೆಯಲ್ಲಿ ಅದೇ ಕಡುಬು, ಅಕ್ಕನ ಸೊಂಟಕ್ಕೆ ಏನೂ ಆಗಿಲ್ಲವೆಂಬ ವಿವರ. ಎಂಟು ಮಂದಿ ಅಲ್ಲಿ ಉರುಳಿದರು. ಒಬ್ಬನಂತೂ ಕುರಿದೊಡ್ಡಿಯ ನೆರಳಲ್ಲಿ ಮಲಗಿ, ತನ್ನ ಸೈಕಲ್ಲನ್ನು ತಮ್ಮನಿಗೆ ಕೊಡಿ ಎಂದ.

ಪೆಗ್ಗಿಯ ಗೇಟು ಮುಟ್ಟಿದವರು ಇಬ್ಬರೇ. ಗ್ರೇಮನಿಗೆ ಕಡುಬು ಕುತ್ತಿಗೆವರೆಗೆ ಬಂದಿತ್ತು. ಫಾರ್ಕರನಿಗೆ ಜೀವವೇ ಬಾಯಿಗೆ ಬಂದಿತ್ತು. ಅವನು ಸೈಕಲ್ಲಿಂದಿಳಿದು, ಅಭ್ಯಾಸಬಲದಿಂದ ಹೆಗಲ ಚೀಲಕ್ಕೆ ಕೈಹಾಕಿದ. ಚೀಲ ಎಲ್ಲಿದೆ?

"ನೀನು ಒಳಗೆ ಹೋಗಪ್ಪ, ನಾನು ಸೈಕಲ್ ಕಾಯ್ತೀನಿ."

"ಇಲ್ಲಿ ಸೈಕಲ್ ಕದಿಯೋರ್ಯಾರು, ಬಾತುಕೋಳಿನಾ?" ಎಂದ ಗ್ರೇಮ್, ಬೇಲಿ ಹಿಡಿದುಕೊಂಡು ಏದುಸಿರು ಬಿಡುತ್ತ.

ಬಾಗಿಲು ತೆರೆಯಿತು. ಪೆಗ್ಗಿ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಹೊಸ್ತಿಲ ಮೇಲೆ ನಿಂತಳು. ಕೂದಲು ಇನ್ನಷ್ಟು ಬೆಳ್ಳಗಾಗಿತ್ತು.

"ಏನು ತಂದಿದ್ದೀಯ?"

"ಏನೂ ಇಲ್ಲ, ಪೆಗ್ಗಿ," ಎಂದ ಫಾರ್ಕರ್. ನೆಲ ನೋಡಿದ. "ಕಾಗದ ಇಲ್ದೆ ಹೇಗೆ ಬರೋದು ಅಂತ ಇದ್ದೆ."

ಪೆಗ್ಗಿ ಒಳಗೆ ಹೋದಳು. ಮುಗಿಯಿತು ಕಥೆ ಎಂದುಕೊಂಡ ಫಾರ್ಕರ್. ಅವಳು ತೋಳ ತುಂಬ ಕ್ಯಾಟಲಾಗುಗಳನ್ನು ಹೊತ್ತುಕೊಂಡು ಬಂದು ಗೇಟಿನ ಕಲ್ಲಿನ ಮೇಲೆ ಧೊಪ್ಪನೆ ಹಾಕಿದಳು. ಗುಲಾಬಿ ಬೀಜದವು, ಟ್ರ್ಯಾಕ್ಟರಿನವು, ಗಂಡಸರ ಟೋಪಿಯವು. ಒಂದರ ಲಕೋಟೆಯನ್ನೂ ಒಡೆದಿರಲಿಲ್ಲ.

"ನನ್ನ ಹತ್ರ ಗುಲಾಬಿ ತೋಟ ಇದ್ಯಾ? ಟ್ರ್ಯಾಕ್ಟರು ಇದ್ಯಾ? ಟೋಪಿ ಹಾಕೋ ಗಂಡ ಇದ್ದಾನಾ? ವಾರಕ್ಕೆ ಆರು ಬರೆದು ತರಿಸ್ಕೊಳ್ತಿದ್ದೆ. ಯಾಕೆ ಅಂದ್ಕೊಂಡಿದ್ದೆ ಕತ್ತೆ?"

ಮಳೆಯಲ್ಲಿ, ಹಿಮದಲ್ಲಿ, ನುಸಿ ಕಚ್ಚಿಸಿಕೊಂಡು ತಾನು ಹೊತ್ತ ಆ ಟ್ರ್ಯಾಕ್ಟರುಗಳ ಭಾರ ನೆನಪಾಗಿ ಫಾರ್ಕರನಿಗೆ ಅಳು ಬಂತು, ನಗುವೂ ಬಂತು. ಗೇಟಿನ ಚಿಲಕ ತೆಗೆದು ಒಳಗೆ ಹೋದ.

ಗ್ರೇಮ್ ಹಿಂದೆಯೇ ಹೊರಟ. ಪೆಗ್ಗಿ ಅವನ ಕೈಗೆ ಒಂದು ಟೋಪಿ ಕ್ಯಾಟಲಾಗು ಕೊಟ್ಟು, ಇದನ್ನು ಓದುತ್ತ ಹೊರಗೇ ಕೂತಿರು ಎಂದು ಬಾಗಿಲು ಹಾಕಿಕೊಂಡಳು.