ಮೇಲ್ಮನೆಗೆ ಬರೆದ ಪತ್ರ

ಆ ರಟ್ಟಿನ ಡಬ್ಬದ ಕಾರ್ಖಾನೆಯಲ್ಲಿ ಇದ್ದದ್ದು ಹದಿನಾಲ್ಕೇ ಜನ. ಅಕ್ಕ ಅಂಟು ಹಚ್ಚುವ ಮೇಜಿನಲ್ಲಿ, ತಂಗಿ ರಟ್ಟು ಕತ್ತರಿಸುವ ಯಂತ್ರದಲ್ಲಿ. ಯಂತ್ರದ ಬ್ಲೇಡಿಗೆ ಅಡ್ಡಲಾಗಿ ಒಂದು ಕಬ್ಬಿಣದ ಜಾಲರಿ ಇರಬೇಕು. ಜಾಲರಿ ಇದ್ದರೆ ಕೈ ಒಳಗೆ ಹೋಗುವುದಿಲ್ಲ, ಆದರೆ ಕೆಲಸ ನಿಧಾನ. ಹಾಗಾಗಿ ಅದನ್ನು ಬಿಚ್ಚಿ ಗೋಡೆಗೆ ಒರಗಿಸಿಟ್ಟಿದ್ದರು. ವರ್ಷಕ್ಕೊಮ್ಮೆ ತಪಾಸಣೆ ಅಧಿಕಾರಿ ಮುಂಚೆ ತಿಳಿಸಿ ಬರುವ ದಿನ ಮಾತ್ರ ಅದು ತನ್ನ ಜಾಗಕ್ಕೆ ಹೋಗುತ್ತಿತ್ತು. ಎಲ್ಲ ಕಡೆಯೂ ಹೀಗೇ ಅಲ್ಲವಾ ಎಂದು ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಒಂದು ದಿನ ಊಟದ ಗಂಟೆ ಹೊಡೆಯುವ ಸ್ವಲ್ಪ ಮುಂಚೆ ತಂಗಿಯ ಬಲಗೈಯ ಎರಡು ಬೆರಳು ಹೋದವು.

ಮಾರನೇ ದಿನ ತಪಾಸಣೆ ಅಧಿಕಾರಿ ಬಂದರು. ಯಂತ್ರಕ್ಕೆ ಮೊಹರು ಹಾಕಿಸಿ, ಜಾಲರಿಯನ್ನು ಬೆಸುಗೆ ಹಾಕಿ ಕೂರಿಸುವವರೆಗೆ ಅದನ್ನು ಮುಟ್ಟಕೂಡದು ಎಂದರು. ಗಾಯ ಮಾಗಿದ ಮೇಲೆ ತಂಗಿಗೆ ಡಬ್ಬ ಎಣಿಸಿ ಕಟ್ಟು ಕಟ್ಟುವ ಕೆಲಸ ಸಿಕ್ಕಿತು. ಆದರೆ ಅವಳಿಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಇಲ್ಲದ ಬೆರಳುಗಳಲ್ಲಿ ತುರಿಕೆ ಏಳುತ್ತಿತ್ತು. ಮನೆಯಲ್ಲೂ ಅಷ್ಟೇ, ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡುತ್ತಲೇ ಇರುತ್ತಿದ್ದಳು.

ಅಕ್ಕನ ಗಂಡ ಸರ್ಕಾರಿ ಮುದ್ರಣಾಲಯದಲ್ಲಿ ಕರಡು ತಿದ್ದುವವರು. ಮನೆಯ ಸಾಮಾನಿನ ಚೀಟಿಯಲ್ಲೂ ಕಾಗುಣಿತದ ತಪ್ಪು ಹುಡುಕುವ ಮನುಷ್ಯ. ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಅವರು ಕೆಲಸದಿಂದ ಬಂದವರೇ ಚಪ್ಪಲಿ ಕೂಡ ಬಿಡದೆ ಸುದ್ದಿ ಹೇಳಿದರು. ಒಂದು ಹೊಸ ಮಸೂದೆ ಬಂದಿದೆ. ಇಪ್ಪತ್ತಕ್ಕಿಂತ ಕಡಿಮೆ ಜನ ಇರುವ ಕಾರ್ಖಾನೆಗಳಿಗೆ ಇನ್ನು ತಪಾಸಣೆಯೇ ಬೇಡವಂತೆ. ಸಂಸತ್ತಿನ ಕೆಳಮನೆ ಅದನ್ನು ಒಂದೇ ಮಧ್ಯಾಹ್ನದಲ್ಲಿ ಒಪ್ಪಿಬಿಟ್ಟಿದೆ.

ಆ ವಾರವೇ ಕಾರ್ಖಾನೆಯ ಯಜಮಾನರು ಮೆಕ್ಯಾನಿಕ್‌ನನ್ನು ಕರೆದು, ಬೆಸುಗೆ ಹಾಕಿದ ಜಾಲರಿಯನ್ನು ಮತ್ತೆ ಬಿಚ್ಚಲು ಬರುತ್ತದಾ ಎಂದು ಕೇಳಿದ್ದನ್ನು ಅಕ್ಕ ತನ್ನ ಮೇಜಿನಿಂದಲೇ ಕೇಳಿಸಿಕೊಂಡಿದ್ದಳು. ಬ್ಲೇಡಿನ ಮುಂದೆ ಈಗ ನಿಲ್ಲುತ್ತಿದ್ದವಳು ಹೊಸದಾಗಿ ಸೇರಿದ, ಇನ್ನೂ ಇಪ್ಪತ್ತು ತುಂಬದ ಹುಡುಗಿ.

ಇನ್ನೇನು ಮುಗಿಯಿತು ಬಿಡಿ ಎಂದಳು ತಂಗಿ. ಮುಗಿದಿಲ್ಲ ಎಂದು ಭಾವ ಕೂತು ವಿವರಿಸಿದರು. ಸಂಸತ್ತಿನಲ್ಲಿ ಎರಡು ಮನೆ. ಕೆಳಮನೆಗೆ ನಾವೇ ಓಟು ಹಾಕಿ ಕ್ಷೇತ್ರಕ್ಕೊಬ್ಬರಂತೆ ಕಳಿಸುತ್ತೇವೆ. ಮೇಲ್ಮನೆಗೆ ನಾವು ನೇರವಾಗಿ ಓಟು ಹಾಕುವುದಿಲ್ಲ, ನಾವು ಆರಿಸಿದ ಪ್ರಾಂತ್ಯದ ಶಾಸಕರು ಅಲ್ಲಿಯ ಸದಸ್ಯರನ್ನು ಆರಿಸುತ್ತಾರೆ. ಒಂದು ಮನೆ ಅವಸರದಲ್ಲಿ ಮಾಡಿದ್ದನ್ನು ಇನ್ನೊಂದು ಮನೆ ನಿಧಾನವಾಗಿ ನೋಡಲಿ ಅಂತ ಈ ಏರ್ಪಾಡು. ಎರಡೂ ಮನೆ ಒಪ್ಪಿದರೆ ಮಾತ್ರ ಮಸೂದೆ ಕಾನೂನಾಗುತ್ತದೆ. ಈಗ ಅದು ಮೇಲ್ಮನೆಯ ಸಮಿತಿಯ ಮುಂದಿದೆ. ಸಮಿತಿ ಜನರ ಅಭಿಪ್ರಾಯ ಕೇಳಿದೆ, ಹದಿನೈದು ದಿನದ ಗಡುವು. ಅದರಲ್ಲಿ ನಾಲ್ಕು ದಿನ ಆಗಲೇ ಕಳೆದಿದೆ.

ತಂಗಿ ಕಿಟಕಿಯ ಹತ್ತಿರ ನಿಂತೇ ಕೇಳಿಸಿಕೊಂಡಳು. ಆಮೇಲೆ ತಿರುಗಿ ಹೇಳಿದಳು: "ಭಾವ, ನಾವು ಓಟು ಹಾಕಿ ಕಳಿಸಿದವರೇ ನಮ್ಮನ್ನು ಒಂದು ಮಾತು ಕೇಳಲಿಲ್ಲ. ಓಟೇ ಹಾಕದವರು ಕೇಳ್ತಾರಾ?"

ಅಕ್ಕನೂ ತಂಗಿಯ ಕಡೆಗೇ ಸೇರಿದಳು. ಹಿಂದೆ ಹೆರಿಗೆ ರಜೆಯ ಮಸೂದೆಯನ್ನು ಕೆಳಮನೆ ಬೇಗನೆ ಒಪ್ಪಿದ್ದರೂ ಇದೇ ಮೇಲ್ಮನೆ ಹನ್ನೊಂದು ತಿಂಗಳು ಅದನ್ನು ಒಪ್ಪಲಿಲ್ಲ, ತಳ್ಳಿಹಾಕಲೂ ಇಲ್ಲ. ಆ ಹನ್ನೊಂದು ತಿಂಗಳಲ್ಲೇ ತನ್ನ ಮಗಳು ಹುಟ್ಟಿದ್ದು, ಹದಿನೆಂಟನೇ ದಿನಕ್ಕೆ ತಾನು ಅಂಟಿನ ಮೇಜಿಗೆ ವಾಪಸು ಹೋಗಿದ್ದು, ಎಲ್ಲವನ್ನೂ ನೆನಪಿಸಿದಳು. ಭಾವ ತಲೆ ತಗ್ಗಿಸಿ, ನಿಜ, ತಡೆಯುವ ಮನೆ ಒಳ್ಳೆಯದನ್ನೂ ತಡೆಯಬಹುದು ಎಂದು ಒಪ್ಪಿಕೊಂಡರು.

"ಆದರೆ ನೋಡಮ್ಮ," ಎಂದರು ತಂಗಿಗೆ, "ಬಾಗಿಲು ತೆರೆದಿಟ್ಟು ಬನ್ನಿ ಅಂತಿದ್ದಾರೆ. ನಾವು ಹೋಗದೇ ಇದ್ದರೆ ಯಜಮಾನರ ಸಂಘದವರು ಹೋಗೇ ಹೋಗ್ತಾರೆ. ಆಗ ಅವರ ಮಾತೇ ಜನರ ಮಾತು ಅಂತ ಅಚ್ಚಾಗುತ್ತೆ. ಅದರ ಕರಡು ತಿದ್ದೋನು ನಾನೇ."

ಶನಿವಾರ ಮೂವರೂ ಮೊದಲು ತಮ್ಮ ಕೆಳಮನೆ ಸದಸ್ಯರ ಕಚೇರಿಗೆ ಹೋದರು. ಬೆಂಚಿನ ಮೇಲೆ ಎರಡು ಗಂಟೆ ಕಾದ ಮೇಲೆ ಒಳಗೆ ಕರೆದರು. ಸದಸ್ಯರು ಕೆಟ್ಟವರಲ್ಲ. ನೀರು ಕೊಡಿಸಿದರು. ಮಸೂದೆಯ ಮಾತು ಬಂದಾಗ ಮಾತ್ರ ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತರು. ತಂಗಿ ಬಲಗೈಯನ್ನು ಅವರ ಮೇಜಿನ ಮೇಲಿಟ್ಟಳು.

"ನಿಜ ಹೇಳ್ತೀನಿ ತಾಯಿ, ಪೂರ್ತಿ ಓದಿರಲಿಲ್ಲ. ಪಕ್ಷ ಕೈ ಎತ್ತು ಅಂತು, ಎತ್ತಿದೆ," ಎಂದರು ಅವರು. ಮೇಲ್ಮನೆ ತಿದ್ದಿ ವಾಪಸು ಕಳಿಸಿದರೆ ಈ ಸಲ ಓದಿಯೇ ಕೈ ಎತ್ತುತ್ತೇನೆ ಎಂದು ಮಾತು ಕೊಟ್ಟರು.

ಮನೆಗೆ ಬಂದವಳೇ ತಂಗಿ ಹಾಳೆ ಕೇಳಿದಳು. ಎಡಗೈಯಲ್ಲಿ ಬರೆಯುವುದು ಇನ್ನೂ ಒಗ್ಗಿರಲಿಲ್ಲ. ಬರೆದು ಹರಿದಳು, ಎದ್ದು ಓಡಾಡಿದಳು, ಮತ್ತೆ ಕೂತಳು. ಭಾವ ಕಾಗುಣಿತ ತಿದ್ದಲು ಕೈ ಚಾಚಿದಾಗ, ಹೀಗೇ ಹೋಗಲಿ ಎಂದು ಕಾಗದವನ್ನು ಎಳೆದುಕೊಂಡಳು. ಯಾವ ಯಂತ್ರ, ಏನಾಯಿತು, ತಪಾಸಣೆ ಇದ್ದದ್ದರಿಂದ ಏನು ಉಳಿಯಿತು, ಇಷ್ಟೇ ಇತ್ತು ಅದರಲ್ಲಿ. ಕೊನೆಗೆ, ಮುಂಚೆ ತಿಳಿಸದೆ ತಪಾಸಣೆಗೆ ಬನ್ನಿ ಎಂಬ ಒಂದು ಸಾಲು.

ಹದಿನಾಲ್ಕರಲ್ಲಿ ಒಂಬತ್ತು ಜನ ಸಹಿ ಹಾಕಿದರು. ಉಳಿದವರಿಗೆ ಕೆಲಸ ಹೋದೀತು ಎಂಬ ಭಯ. ಅಕ್ಕ ಅವರನ್ನು ಬಯ್ಯಲಿಲ್ಲ. ಗಡುವಿಗೆ ಎರಡು ದಿನ ಇರುವಾಗ ಪತ್ರ ಹೋಯಿತು.

ಆಮೇಲೆ ಕಾಯುವುದೇ ಕೆಲಸವಾಯಿತು. ಅಂಚೆಯವನ ಸೈಕಲ್ ಬೆಲ್ ಕೇಳಿದರೆ ತಂಗಿ ಬಾಗಿಲಿಗೆ ಓಡುತ್ತಿದ್ದಳು. ಕಾರ್ಖಾನೆಯಲ್ಲಿ ಡಬ್ಬ ಎಣಿಸುತ್ತಾ ಲೆಕ್ಕ ತಪ್ಪುತ್ತಿದ್ದಳು. ಯಜಮಾನರಿಗೆ ಸುದ್ದಿ ಮುಟ್ಟಿತ್ತು. ಅವರು ಅವಳ ಮುಖ ನೋಡುವುದನ್ನೇ ಬಿಟ್ಟರು. ಮೂರನೇ ವಾರ ಸಮಿತಿಯ ಸದಸ್ಯೆಯೊಬ್ಬರು ಭಾವನ ಫೋನಿಗೆ ಕರೆ ಮಾಡಿ ತಂಗಿಯನ್ನು ಕೇಳಿದರು. ಅವರದು ಒಂದೇ ಪ್ರಶ್ನೆ: ಅಪಘಾತಕ್ಕೆ ಮುಂಚೆ ಆ ಜಾಲರಿ ಯಂತ್ರದ ಮೇಲೆ ಯಾವಾಗ ಇರುತ್ತಿತ್ತು?

"ಅಧಿಕಾರಿ ಬರುವ ದಿನ ಇರ್ತಿತ್ತು ಮೇಡಂ," ಎಂದಳು ತಂಗಿ. "ಅವರೂ ಬರದೇ ಹೋದರೆ, ಆ ಒಂದು ದಿನವೂ ಇರಲ್ಲ."

ಆ ಕಡೆ ಬರೆದುಕೊಳ್ಳುವ ಸದ್ದು ಕೇಳಿಸಿತು.

ಮೇಲ್ಮನೆಯಲ್ಲಿ ಮತಕ್ಕೆ ಹಾಕಿದ ದಿನ ಅಂಟಿನ ಮೇಜಿನ ಮೇಲೆ ರೇಡಿಯೋ ಇತ್ತು. ಸಮಿತಿ ಸೂಚಿಸಿದ ತಿದ್ದುಪಡಿಯ ಪರ ಅರವತ್ತೊಂದು, ವಿರುದ್ಧ ಐವತ್ತನಾಲ್ಕು. ಅದರ ಪ್ರಕಾರ ಕತ್ತರಿಸುವ, ಒತ್ತುವ ಯಂತ್ರ ಇರುವ ಕಡೆ ಎಷ್ಟೇ ಜನರಿರಲಿ, ತಪಾಸಣೆ ಇರಲೇಬೇಕು. ಮಸೂದೆ ಕೆಳಮನೆಗೆ ವಾಪಸು ಹೋಯಿತು. ಅಲ್ಲಿ ಈ ಸಲ ಎರಡು ದಿನ ಚರ್ಚೆಯಾಯಿತು. ಇವರ ಸದಸ್ಯರು ಎದ್ದು ನಿಂತು ಮೂರು ನಿಮಿಷ ಮಾತಾಡಿದರು, ತಿದ್ದುಪಡಿಗೆ ಕೈ ಎತ್ತಿದರು. ಅಲ್ಲೂ ಅದು ಒಪ್ಪಿಗೆಯಾಯಿತು.

ಮುಂಚೆ ತಿಳಿಸದೆ ಬನ್ನಿ ಎಂದು ಕೇಳಿದ್ದು ಮಾತ್ರ ಸಿಗಲಿಲ್ಲ. ಅಧಿಕಾರಿ ಈಗಲೂ ಹೇಳಿಯೇ ಬರುತ್ತಾರೆ. ಅಕ್ಕ, ಇಷ್ಟಾದರೂ ಆಯಿತಲ್ಲ, ಸ್ವಲ್ಪ ಕೂತು ಉಸಿರು ಬಿಡು ಎಂದಳು. ತಂಗಿ ಕೂರಲಿಲ್ಲ. ಸಂಸತ್ತು ತಾನಾಗಿ ನಮ್ಮನ್ನು ಪ್ರತಿನಿಧಿಸುವುದಿಲ್ಲ, ನಾವು ಹೋಗಿ ಸದಸ್ಯರ ಕಿವಿಗೆ ಹಾಕಿದರೆ ಆಗ ಪ್ರತಿನಿಧಿಸುತ್ತದೆ ಎಂದು ಅವಳಿಗೆ ಅರ್ಥವಾಗಿತ್ತು. ಭಾನುವಾರ ಅವಳು, ಮುಂಚೆ ತಿಳಿಸದೆ ಬರಬೇಕು ಎಂಬ ಆ ಸಾಲಿಗಾಗಿಯೇ, ಮೇಲ್ಮನೆಗೆ ಎರಡನೇ ಪತ್ರ ಬರೆದಳು. ಈ ಸಲ ಹದಿಮೂರು ಸಹಿ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ಈ ಹೊತ್ತಿಗೂ ಯಾವುದೋ ಮಸೂದೆ ಎರಡು ಮನೆಗಳ ನಡುವೆ ಇರಬಹುದು. ಅದು ನಿಮ್ಮ ಕೆಲಸದ್ದೋ, ನಿಮ್ಮ ಮಕ್ಕಳ ಶಾಲೆಯದ್ದೋ ಆಗಿರಬಹುದು. ನಿಮ್ಮ ಸದಸ್ಯ ಯಾರು ಎಂದು ಇವತ್ತೇ ತಿಳಿದುಕೊಳ್ಳಿ. ಅವರು ಯಾವುದಕ್ಕೆ ಕೈ ಎತ್ತಿದರು ಎಂದು ಕೇಳಿ. ಸಮಿತಿ ಅಭಿಪ್ರಾಯ ಕೇಳಿದಾಗ ಬರೆಯಿರಿ, ಕಾಗುಣಿತ ತಪ್ಪಿದರೂ ಬರೆಯಿರಿ. ಓಟು ಹಾಕಿ ಮನೆಗೆ ಬಂದ ದಿನಕ್ಕೆ ನಮ್ಮ ಕೆಲಸ ಮುಗಿಯುವುದಿಲ್ಲ.