ಒಂಟಿ ಓಲೆಯ ನಿಬ್ಬು

ಇಕ್ಕಳ ಜಾರಿ ಬದರೀನಾಥನ ಹೆಬ್ಬೆರಳನ್ನು ಕಚ್ಚಿತು. ಬೆರಳನ್ನೊಮ್ಮೆ ಬಾಯಲ್ಲಿಟ್ಟು ಚೀಪಿ, ಪೆನ್ನನ್ನು ಮತ್ತೆ ಮಂಡಿಗಳ ನಡುವೆ ಸಿಕ್ಕಿಸಿಕೊಂಡು, ಅವನು ನಿಬ್ಬಿನ ಕುತ್ತಿಗೆಗೆ ಇಕ್ಕಳ ಹಾಕಿದ.

ಗೋಡೆಗೊರಗಿ ಕೂತಿದ್ದ ವೇದವತಿ ಅದನ್ನು ಕಂಡಳು. ಬೆಳಗಿನಿಂದ ಯಾರು ಎಲ್ಲಿ ಕೂರಿಸಿದರೆ ಅಲ್ಲಿ ಕೂತು, ಏಳು ಎಂದರೆ ಏಳುತ್ತಿದ್ದ ಹೆಂಗಸು ಈಗ ಯಾರೂ ಹೇಳದೆ ಎದ್ದಳು. ನಡುಮನೆಯಲ್ಲಿ ದರ್ಭೆಯ ಮೇಲೆ ಮಲಗಿಸಿದ್ದ ಗಂಡನ ಕಾಲ ಬಳಿಯಿಂದ ಸುತ್ತಿ ಬಂದು, ಮೈದುನನ ಕೈಯಿಂದ ಪೆನ್ನನ್ನು ಕಿತ್ತುಕೊಂಡಳು.

“ಬೇಡ ಬದರಿ.”

“ನಾನೇನು ಕದ್ಕೊಂಡು ಹೋಗ್ತಿದೀನಾ ಅತ್ತಿಗೆ? ಶಾಸ್ತ್ರಿಗಳು ಚಿನ್ನ ಕೇಳ್ತಿದಾರೆ.”

ಕೇಳುತ್ತಿದ್ದುದು ನಿಜ. ಹೋದವರ ಬಾಯಿಗೆ ತುಳಸಿ, ಗಂಗೆ, ಅದರ ಜೊತೆಗೊಂದು ಚೂರು ಚಿನ್ನ ಇಟ್ಟೇ ಕಳಿಸಬೇಕು ಎಂಬುದು ಆ ಮನೆತನಗಳ ಪದ್ಧತಿ. ಸುಬ್ಬರಾಮ ಶಾಸ್ತ್ರಿಗಳು ಅದನ್ನು ನೆನಪಿಸಿದಾಗ ವೇದವತಿ ಕೊರಳ ತಾಳಿಗೆ ಕೈ ಹಾಕಿದ್ದಳು. ಹತ್ತನೆಯ ದಿನದವರೆಗೆ ಅದನ್ನು ಮುಟ್ಟುವಂತಿಲ್ಲ ಎಂದು ಅವರು ಕಣ್ಣಲ್ಲೇ ತಡೆದರು. ಬಳೆಗಳು ಈ ಮನೆಯ ಹೆಂಚಾಗಿ ತಲೆಯ ಮೇಲೆ ಕೂತು ಎಷ್ಟೋ ವರ್ಷವಾಗಿತ್ತು. ಕಿವಿಯಲ್ಲಿದ್ದದ್ದು ಗಿಲೀಟಿನ ಓಲೆ. ಆಗಲೇ ಬದರೀನಾಥನಿಗೆ ಅಣ್ಣನ ಪೆನ್ನಿನ ಡಬ್ಬಿ ನೆನಪಾದದ್ದು.

“ಹದಿನಾಲ್ಕು ಕ್ಯಾರೆಟ್ ಅಂತ ನಿಬ್ಬಿನ ಮೇಲೇ ಕೆತ್ತಿದಾರೆ,” ಎಂದ ಅವನು. “ಬರೆಯೋನೇ ಹೋದ್ಮೇಲೆ ಇನ್ಯಾರು ಬರೀತಾರೆ ಇದರಲ್ಲಿ?”

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಅಣ್ಣನಿಗೆ ಮಕ್ಕಳಿಲ್ಲವಾಗಿ ಬೆಂಕಿ ಇಡಬೇಕಾದವನೂ ಅವನೇ, ಬೆಳಗಿನಿಂದ ಬಿದಿರು, ಮಡಕೆ, ಸೌದೆ ಎಂದು ಓಡಾಡಿದವನೂ ಅವನೇ. ಪಕ್ಕದ ಮನೆಯ ರುಕ್ಮಿಣಮ್ಮ ಸೆರಗಿನಿಂದ ಮೂಗೊರಸಿಕೊಳ್ಳುತ್ತ, ತನ್ನಲ್ಲಿ ಮುರಿದ ಜುಮುಕಿಯ ಚೂರೊಂದಿದೆ, ತಂದುಕೊಡಲೇ ಎಂದಳು. ಅದಕ್ಕೆ ಬದರೀನಾಥನ ಮುಖ ಗಂಟಾಯಿತು. ಯಾರ ಹತ್ತಿರವೂ ಒಂದು ಸೂಜಿ ಇಸಕೊಂಡವನಲ್ಲ ತನ್ನಣ್ಣ, ಹೋಗುವಾಗ ಪಕ್ಕದ ಮನೆಯ ಚಿನ್ನ ಬಾಯಲ್ಲಿಟ್ಟುಕೊಂಡು ಹೋಗಬೇಕೇ ಎಂದು ಕೇಳಿದ. ಶಾಸ್ತ್ರಿಗಳು ಮನೆಯದಾದರೆ ಲೇಸು, ಇಲ್ಲವಾದರೆ ಅದೂ ನಡೆಯುತ್ತದೆ, ಯಾವುದಾದರೊಂದು ತೀರ್ಮಾನ ಮಾಡಿ, ರಾಹುಕಾಲಕ್ಕೆ ಮುಂಚೆ ಎತ್ತಬೇಕು ಎಂದರು.

“ರುಕ್ಮಿಣಮ್ಮನೋರು ಕೊಟ್ಟಿದ್ದೇ ಇಡಿ,” ಎಂದಳು ವೇದವತಿ. ಪೆನ್ನನ್ನು ಸೆರಗಿನೊಳಗೆ ಹಿಡಿದು ಹಿತ್ತಿಲ ಕಡೆ ನಡೆದಳು.

ಬೆನ್ನ ಹಿಂದೆ ಬದರೀನಾಥ ಯಾರಿಗೂ ಅಲ್ಲದ ಹಾಗೆ ಹೇಳಿದ. “ಇದ್ದಾಗ ಆ ಪೆನ್ನುಗಳನ್ನ ಬೈದಿದ್ದೇ ಬೈದಿದ್ದು. ಈಗ ನೋಡಿ.”

*

ಬೈದದ್ದು ಸುಳ್ಳಲ್ಲ.

ವೇದವತಿಯ ಗಂಡ ಗೋಪೀನಾಥ ಹೊಸೂರಿನ ಶಾಲೆಯೊಂದರಲ್ಲಿ ಗುಮಾಸ್ತ. ಊರಿಗೆ ಫ್ಯಾಕ್ಟರಿಗಳು ಬಂದು, ಜವಾನನ ಜೇಬಿಗೂ ಬಾಲ್ ಪೆನ್ನು ಏರಿದ ಮೇಲೂ ಅವನ ಬೆರಳ ಸಂದಿಯ ಮಸಿ ಹೋಗಲಿಲ್ಲ. ಬಿಸ್ಕತ್ತಿನ ತಗಡು ಡಬ್ಬಿಯಲ್ಲಿ ಹಳೆಯ ಪಂಚೆಯ ಚೂರುಗಳನ್ನು ಹಾಸಿ, ಹಸುಗೂಸುಗಳನ್ನು ಮಲಗಿಸಿದಂತೆ ಪೆನ್ನುಗಳನ್ನು ಮಲಗಿಸಿದ್ದ. ಕಪ್ಪಗೆ ಹೊಳೆಯುವವು, ಕಂದು ಗೆರೆಯವು, ಮುಚ್ಚಳ ಸೀಳಿ ದಾರ ಸುತ್ತಿಸಿಕೊಂಡವು. ಅಂಗಡಿಯಲ್ಲಿ ಬರುವ ಚೂಪು ನಿಬ್ಬು ಅವನಿಗೆ ಸೇರದು. ಅದರ ತುದಿ ಕತ್ತರಿಸಿ, ನುಣ್ಣಗೆ ತೇಯ್ದು, ಮೊಂಡು ಮಾಡಿಕೊಳ್ಳುವನು. ಮೊಂಡು ನಿಬ್ಬಿನಲ್ಲಿ ಕೆಳಗೆಳೆದ ಗೆರೆ ದಪ್ಪ, ಅಡ್ಡಗೆರೆ ಸಣ್ಣ. ಬಡಕಲು ಅಕ್ಷರಕ್ಕೂ ಮೈ ಬರುತ್ತದೆ ಎನ್ನುವನು.

ಹಾಗೆ ತೇಯಲು ಅವನಿಗೆ ಸಿಕ್ಕ ಕಲ್ಲೆಂದರೆ ದೇವರ ಮನೆಯ ಸಾಣೆಕಲ್ಲು.

ಪೂಜೆಗೆಂದು ಗಂಧ ತೇಯಲು ಕೂತ ವೇದವತಿಗೆ ಒಂದು ದಿನ ಗಂಧ ನೀಲಿಯಾಗಿ ಬಂತು. ಅಂದಿನ ಜಗಳ ಬೀದಿಯ ಕೊನೆಯವರೆಗೆ ಕೇಳಿಸಿತ್ತು. ಅದಾದ ಮೇಲೆ ಕಲ್ಲಿನ ಒಂದು ಮಗ್ಗುಲು ದೇವರಿಗೆ, ಇನ್ನೊಂದು ಮಗ್ಗುಲು ಗೋಪೀನಾಥನಿಗೆ ಎಂದು ಒಪ್ಪಂದವಾಯಿತು. ಇನ್ನೂ ಒಂದು ಚಾಳಿಗೆ ಮಾತ್ರ ಒಪ್ಪಂದವೇ ಆಗಲಿಲ್ಲ. ಮಸಿ ತುಂಬಿದ ನಿಬ್ಬನ್ನು ಕಾಗದಕ್ಕೆ ತಾಕಿಸುವ ಮೊದಲು ಅವನು ನಾಲಗೆಯ ತುದಿಗೆ ತಾಕಿಸುವನು. ಎಣ್ಣೆಪಸೆ ಹೋಗಿ ಮಸಿ ಸಲೀಸಾಗಿ ಇಳಿಯುತ್ತದಂತೆ. ಎಂಜಲು ಮಾಡಿಕೊಂಡ ಗಂಡ ಬಾಯಿ ತೊಳೆಯದೆ ನೀರಿನ ಕೊಡ ಮುಟ್ಟಿಯಾನು ಎಂದು ವೇದವತಿ ಅಡುಗೆಮನೆಯ ಬಾಗಿಲಲ್ಲಿ ಕಾವಲು ನಿಲ್ಲುವಳು. ರುಕ್ಮಿಣಮ್ಮನಿಗೆ ಇದೆಲ್ಲ ನಗೆ. ರಾಕ್ಷಸನ ಪ್ರಾಣ ಗಿಣಿಯಲ್ಲಿ ಇದ್ದ ಹಾಗೆ ನಿಮ್ಮೆಜಮಾನರ ಪ್ರಾಣ ಆ ಡಬ್ಬಿಯಲ್ಲಿದೆ, ಮುಚ್ಚಳ ಗಟ್ಟಿಯಾಗಿ ಹಾಕಿಟ್ಟುಕೊಳ್ಳಿ ಎನ್ನುವಳು.

ಡಬ್ಬಿಯ ನಟ್ಟನಡುವೆ, ಬೇರೆಯೇ ರೇಷ್ಮೆ ಚೂರಿನಲ್ಲಿ ಇದ್ದದ್ದು ಬಳುಕು ನಿಬ್ಬಿನ ಪೆನ್ನು. ಮತ್ತಿಗಿರಿಯ ದನದ ಫಾರಂನಲ್ಲಿದ್ದ ಯಾವುದೋ ಬಿಳಿ ದೊರೆ ಬಿಟ್ಟುಹೋದದ್ದು, ಕೈಯಿಂದ ಕೈಗೆ ಬಿದ್ದು ಇವನನ್ನು ಹುಡುಕಿಕೊಂಡು ಬಂದಿತ್ತು. ಚಿನ್ನದ ನಿಬ್ಬು. ಒತ್ತಿದರೆ ಅದರ ಸೀಳು ಹೂವಿನಂತೆ ಅರಳಿ ಗೆರೆ ಉಬ್ಬುವುದು. ಬಿಟ್ಟರೆ ಕೂಡಿಕೊಂಡು ಗೆರೆ ಕೂದಲಾಗುವುದು. ದೀರ್ಘದ ಗುರುತು ಹಾಕುವಾಗ ಗೋಪೀನಾಥನ ತುಟಿ ತಾನೇ ತಾನಾಗಿ ಒಂದು ಕಡೆ ಎಳೆದುಕೊಳ್ಳುವುದು. ಸಣ್ಣಗೆ ಹುಟ್ಟಿ, ಹೊಟ್ಟೆ ಬಂದು, ಮತ್ತೆ ಸಣ್ಣಗಾಗಿ ಮಾಯವಾಗುವ ಆ ಬಾಲವನ್ನು ತೋರಿಸಲು ಅವನು ಹೆಂಡತಿಯನ್ನು ಒಲೆಯ ಮುಂದಿನಿಂದ ಕೂಗಿ ಕರೆಯುವನು. ಅವಳು ಬಂದು, ನೋಡಿ, ಸಾರು ಉಕ್ಕುತ್ತದೆ ಎಂದು ಹೋಗುವಳು.

ಎಪ್ಪತ್ತೇಳನೇ ಇಸವಿಯ ಬೇಸಿಗೆಯಲ್ಲಿ ಶಾಲೆಗೆ ಬಂದ ಯಾರೋ ದೊಡ್ಡ ಮನುಷ್ಯರು ಸಹಿ ಹಾಕಲು ಆ ಪೆನ್ನನ್ನು ಇಸಕೊಂಡು, ಬಾಲ್ ಪೆನ್ನಿನಂತೆ ಅದುಮಿದರು. ನಿಬ್ಬು ಬಿರುಕು ಬಿಟ್ಟಿತು. ಗೋಪೀನಾಥ ಯಾರನ್ನೂ ಬೈಯಲಿಲ್ಲ. ಊಟಕ್ಕೆ ಕೂತವನು ಕಲಸಿದ ಅನ್ನವನ್ನು ಮತ್ತೆ ಮತ್ತೆ ಕಲಸುತ್ತ ಇದ್ದುಬಿಡುತ್ತಿದ್ದ. ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಇತ್ತು.

ವೇದವತಿಯ ಬಳಿ ಆಗ ಒಂದೇ ಒಂದು ಚಿನ್ನದ ಓಲೆ ಉಳಿದಿತ್ತು. ಜೊತೆಯದು ಕೆರೆಯಲ್ಲಿ ಬಟ್ಟೆ ಒಗೆಯುವಾಗ ತಿರುಪು ಸಡಿಲಾಗಿ ಬಿದ್ದುಹೋಗಿತ್ತು. ಒಂಟಿ ಓಲೆ ಯಾವ ಕಿವಿಗೆ ಆದೀತು? ಗಂಡ ಕೆಲಸದ ಮೇಲೆ ಕೃಷ್ಣಗಿರಿಗೆ ಹೋದ ದಿನ ಅವಳು ಓಲೆಯನ್ನೂ ಪೆನ್ನನ್ನೂ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ಬಜಾರಿನ ಆಚಾರಿಯ ಮುಂದೆ ಕೂತಳು. ಓಲೆ ಕರಗಿಸಿ ಬಿರುಕು ಮುಚ್ಚಿಕೊಡಿ ಎಂದಳು. ಆಚಾರಿ ಊದುಗೊಳವೆ ಊದಿದ. ಸಂಜೆಯೊಳಗೆ ಪೆನ್ನು ರೇಷ್ಮೆ ಚೂರಿಗೆ ಮರಳಿತ್ತು.

ಗೋಪೀನಾಥ ಅದನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದ. ಮಸಿ ತುಂಬಿದ, ನಾಲಗೆಗೆ ತಾಕಿಸಿದ. ವೇದವತಿ ಅಂದೊಂದು ದಿನ ಬೈಯಲಿಲ್ಲ. ಅವಳ ಹೆಸರು ಬರೆದು, ಕಾಗದದಿಂದ ನಿಬ್ಬೆತ್ತಿ ಗೆರೆಗಳನ್ನೇ ನೋಡುತ್ತ ಕೂತ.

“ಹೇಗಿದೆ?” ಎಂದು ಕೇಳಿದಳು.

“ಮೊದಲಿಗಿಂತ ಚೆನ್ನಾಗಿದೆ ಕಣೇ,” ಎಂದ. ಆಮೇಲೆ ಅವಳ ಬರಿಗಿವಿಯನ್ನು ಬೆರಳ ತುದಿಯಲ್ಲಿ ಮುಟ್ಟಿದ. ಮುಟ್ಟಿದ ಜಾಗದಲ್ಲಿ ನೀಲಿ ಉಳಿಯಿತು.

ಅಲ್ಲಿಂದಾಚೆ ಶುಕ್ರವಾರ ಶುಕ್ರವಾರ ರಾಯಕೋಟೆಯ ಅವಳ ಅಕ್ಕನಿಗೆ ಕಾಗದ ಬರೆಯುವುದು ಆ ಪೆನ್ನಿನಲ್ಲೇ. ವೇದವತಿ ಹೂ ಕಟ್ಟುತ್ತ ಹೇಳುವಳು, ಅವನು ಬರೆಯುವನು. ಬರೆದಾದ ಮೇಲೆ ಮಣಿಕಟ್ಟು ಒತ್ತಿಕೊಳ್ಳುವನು. ವಯಸ್ಸಾಯಿತು ಎನ್ನುವನು. ಅವಳು ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕುವಳು. ತನ್ನ ಚಿನ್ನ ಅವನ ಕೈಯಲ್ಲಿ ಓಡಾಡುತ್ತಿದೆ ಎಂದು ಅವಳಿಗೆ ಯಾರಲ್ಲೂ ಹೇಳಿಕೊಳ್ಳದ ಒಂದು ಬಿಂಕವಿತ್ತು. ಈಚೆಗೆ, ಮಳೆಗಾಲದಿಂದ ಅವನು ಉಬ್ಬಸದಲ್ಲಿ ಮಲಗಿ, ಅವಳು ಗಂಜಿ, ಕಷಾಯ, ಒದ್ದೆ ಬಟ್ಟೆಗಳಲ್ಲಿ ಸವೆದುಹೋದಾಗಲೂ ಶುಕ್ರವಾರ ತಪ್ಪಲಿಲ್ಲ. ಹೋದ ವಾರ ಮಸಿ ತುಂಬಿಕೊಟ್ಟವಳು ಅವಳೇ. ಅವನು ನಾಲ್ಕು ಸಾಲು ಬರೆದು, ಉಳಿದದ್ದನ್ನು ನಾಳೆ ಎಂದಿದ್ದ.

*

ಸೂಳಗಿರಿಯ ರಾಮಕೃಷ್ಣಪ್ಪ ಹಿತ್ತಿಲ ಬಾಗಿಲಿನಿಂದಲೇ ಬಂದ. ಬಸ್ಸು ಸಿಗದೆ ಲಾರಿ ಹತ್ತಿ ಬಂದಿದ್ದರಿಂದ ಮೈಯೆಲ್ಲ ಧೂಳು. ಮಾವಿನ ತೋಪಿನ ಒಕ್ಕಲಿಗ. ಗೋಪೀನಾಥನಿಗೆ ಹತ್ತಿದ ಹುಚ್ಚೇ ಅವನಿಗೂ ಹತ್ತಿತ್ತು. ಭಾನುವಾರಗಳಲ್ಲಿ ಇಬ್ಬರೂ ಮರದ ಕೆಳಗೆ ಕೂತು ಪೆನ್ನು ಬದಲಾಯಿಸಿಕೊಂಡು ಬರೆಯುತ್ತಿದ್ದರು. ಏನು ಬರೆಯುತ್ತಿದ್ದರೆಂದರೆ ಏನೂ ಇಲ್ಲ, ಒಂದೇ ಅಕ್ಷರವನ್ನು ಹಾಳೆ ತುಂಬುವವರೆಗೆ.

ಒಳಗೆ ಹೋಗಿ ಮುಖ ನೋಡಿ ಬಂದವನು, ಹೆಣಕ್ಕೆ ನೀರು ಕಾಯಿಸಿದ್ದ ಒಲೆಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. ಒಗೆಯುವ ಕಲ್ಲಿನ ಮೇಲೆ ವೇದವತಿ ಕೂತಿದ್ದಳು. ಅವಳ ಕೈಯಲ್ಲಿದ್ದುದನ್ನು ಅವನು ಕಂಡ.

“ಅದ್ಯಾಕಮ್ಮಾರೇ ಇಡ್ಕೊಂಡು ಕುಂತಿದೀರ?”

ಅವಳು ಹೇಳಿದಳು. ಚಿನ್ನ ಕೇಳಿದ್ದು, ಬದರಿ ಇಕ್ಕಳ ಹಾಕಿದ್ದು, ತಾನು ಕೊಡಲಾರೆ ಎಂದದ್ದು.

“ಕೊಟ್ಬುಡಿ ಅತ್ಲಾಗೆ,” ಎಂದ ರಾಮಕೃಷ್ಣಪ್ಪ, ಟವೆಲ್ಲಿನಿಂದ ಕುತ್ತಿಗೆ ಒರಸಿಕೊಳ್ಳುತ್ತ. “ಅದು ಸತ್ತು ಬಾಳ ವರ್ಸ ಆಯ್ತಲ್ಲ.”

“ಏನು ಸತ್ತದ್ದು?”

“ನಿಬ್ಬು. ಆಚಾರಿ ಬೆಂಕಿ ತೋರಿಸ್ದಾಗ್ಲೇ ಹೋಯ್ತು. ಬೆಸುಗೆ ಬಿದ್ರೆ ಬಳುಕೋದು ಬುಟ್ಬುಡ್ತದೆ. ನಾನೊಂದ್ಸಲ ಬರ್ದು ನೋಡ್ದೆ, ಮೊಳೆ ಇದ್ದಂಗಿತ್ತು. ಬೇರೆ ನಿಬ್ಬು ಹಾಕ್ಕೊಡ್ತೀನಿ ಅಂದ್ರೆ ರಾಯ್ರಿಗೆ ಅದೆಲ್ಲಿತ್ತೋ ಕ್ವಾಪ, ಕಿತ್ಕೊಂಡು ಜೇಬಿಗೆ ಮಡಿಕ್ಕೊಂಡ್ರು.” ಅವನು ನಗಲು ಹೊರಟು, ಅವಳ ಮುಖ ನೋಡಿ ನಿಲ್ಲಿಸಿದ. “ನಿಮ್ಗೆ ಗೊತ್ತಿರ್ನಿಲ್ವಾ?”

“ಶುಕ್ರವಾರ ಶುಕ್ರವಾರ ಬರೀತಿದ್ರಲ್ಲ.”

“ನಿಮ್ಮ ಮುಂದೆ ಬರೀತಿದ್ರೇನೋ. ನಮ್ ತೋಪಿಗೆ ಅದನ್ನ ತಂದಿದ್ದು ಅದೊಂದೇ ಸಲ.”

ಒಲೆಯಲ್ಲಿ ಕೊಳ್ಳಿಯೊಂದು ಮಗುಚಿ ಬಿತ್ತು. ವೇದವತಿ ಪೆನ್ನಿನ ಮುಚ್ಚಳವನ್ನು ಬಿಚ್ಚಿದಳು, ಹಾಕಿದಳು.

“ಮಣಿಕಟ್ಟು ನೋಯ್ತದೆ ಅಂತಿದ್ರು,” ಎಂದಳು ಕೊನೆಗೆ.

“ನೋಯ್ದೆ ಇನ್ನೇನಮ್ಮಾರೇ. ಬಳುಕ್ದೇ ಇರೋದ್ರಾಗೆ ದಪ್ಪ ಗೆರೆ ಬರ್ಬೇಕಂದ್ರೆ ತಿದ್ದಿ ತಿದ್ದಿ ಬರೀಬೇಕು.”

ಅವಳಿಗೆ ಮೊದಲು ಬಂದದ್ದು ಸಿಟ್ಟು. ಹೇಳಬಾರದಿತ್ತೇ? ಅಷ್ಟು ವರ್ಷ ಎಣ್ಣೆ ತಿಕ್ಕಿಸಿಕೊಂಡ ಬಾಯಿಗೆ ಒಂದು ಮಾತು ಬರಬಾರದಿತ್ತೇ? ಹೇಳಿದ್ದರೆ ಅದನ್ನು ಒಲೆಗೆ ಹಾಕಿ, ಬೇರೊಂದರಲ್ಲಿ ಬರೆಯಿರಿ ಮಹರಾಯರೇ ಎನ್ನುತ್ತಿರಲಿಲ್ಲವೇ? ಸಿಟ್ಟು ಏರಲು ಹೋಗಿ, ಏರುವಷ್ಟು ತ್ರಾಣ ಮೈಯಲ್ಲಿಲ್ಲದೆ, ಅರ್ಧದಲ್ಲೇ ಕುಳಿತುಬಿಟ್ಟಿತು. ಹೋದ ಶುಕ್ರವಾರದ ಆ ನಾಲ್ಕು ಸಾಲು ಕಣ್ಣ ಮುಂದೆ ಬಂತು. ಒಂದೊಂದು ಗೆರೆಯ ಮೇಲೂ ನಿಬ್ಬು ಎರಡೆರಡು ಸಲ ಹೋಗುತ್ತಿತ್ತು. ಉಬ್ಬಸಕ್ಕೆ ಕೈ ನಡುಗುತ್ತಿದೆ ಎಂದುಕೊಂಡು ಅವಳು ಅವನ ಬೆನ್ನಿಗೆ ದಿಂಬು ಕೊಟ್ಟಿದ್ದಳು.

ಒಳಗಿನಿಂದ ಶಾಸ್ತ್ರಿಗಳ ಕೆಮ್ಮು ಕೇಳಿಸಿತು. ಅದು ಕರೆ.

“ರಾಮಕೃಷ್ಣಪ್ಪ, ನಿಬ್ಬು ಮುರೀದ ಹಾಗೆ ತೆಗೆಯೋಕೆ ಬರ್ತದಾ ನಿಮಗೆ?”

ಅವನು ಕೈ ಚಾಚಿ ಪೆನ್ನು ಇಸಕೊಂಡ. ಹಂಡೆಯಲ್ಲಿ ಉಳಿದಿದ್ದ ಬಿಸಿನೀರಿಗೆ ಪೆನ್ನಿನ ಮೂತಿ ಅದ್ದಿ, ಟವೆಲ್ಲಿನ ಅಂಚು ಸುತ್ತಿ, ಮಗುವಿನ ಹಾಲುಹಲ್ಲು ಕೀಳುವವನ ಹಾಗೆ ಅಲುಗಾಡಿಸದೆ ಎಳೆದ. ನಿಬ್ಬು ಬಂತು. ನೀರಿನಲ್ಲಿ ಒಂದಿಷ್ಟು ನೀಲಿ ಬಿಚ್ಚಿಕೊಂಡಿತು. ಅವಳ ಅಂಗೈಯಲ್ಲಿಟ್ಟ. ಹಳದಿ ಚಿನ್ನದ ನಡುವೆ ಎಳ್ಳಿನಷ್ಟು ಜಾಗ ಕೆಂಪಗಿತ್ತು, ಅವಳ ಓಲೆಯ ಬಣ್ಣ. ನಿಬ್ಬಿಲ್ಲದ ಪೆನ್ನಿಗೆ ಅವನು ಮುಚ್ಚಳ ಹಾಕಿ ಒಗೆಯುವ ಕಲ್ಲಿನ ಮೇಲಿಟ್ಟ.

*

ತಟ್ಟೆಯಲ್ಲಿ ರುಕ್ಮಿಣಮ್ಮನ ಜುಮುಕಿಯ ಚೂರು ಆಗಲೇ ಬಂದು ಕೂತಿತ್ತು. ವೇದವತಿ ಅದನ್ನೆತ್ತಿ ಅವಳ ಕೈಗೆ ಮರಳಿಸಿದಳು. ಬದರೀನಾಥ ಅತ್ತಿಗೆಯ ಅಂಗೈ ನೋಡಿ ಪಕ್ಕಕ್ಕೆ ಸರಿದ.

“ಕೊಡಿಯಮ್ಮಾ, ಮಸಿ ಇದೆ, ತೊಳೆದು ಇಡ್ತೀನಿ,” ಎಂದು ಶಾಸ್ತ್ರಿಗಳು ಕೈ ಚಾಚಿದರು.

“ನಾನೇ ಇಡ್ತೀನಿ.”

ಅವಳು ಗಂಡನ ತಲೆಯ ಬಳಿ ಕೂತಳು. ಎರಡು ಬೆರಳಲ್ಲಿ ಅವನ ತುಟಿ ಬಿಡಿಸಿದಳು. ಮದುವೆಯಾದಂದಿನಿಂದ ಯಾವ ಎಂಜಲಿಗೆ ಕಾವಲು ನಿಂತಿದ್ದಳೋ ಆ ನಾಲಗೆಯ ತುದಿಗೆ, ಅವನು ತಾಕಿಸುತ್ತಿದ್ದ ಹಾಗೆಯೇ, ನಿಬ್ಬನ್ನು ತಾಕಿಸಿದಳು. ಒಂದು ಗಳಿಗೆ ಹಾಗೇ ಹಿಡಿದಿದ್ದು, ಬಿಟ್ಟಳು. ಮೇಲೆ ತುಳಸಿ ಬಿತ್ತು. ಶಾಸ್ತ್ರಿಗಳು ಉದ್ಧರಣೆಯಿಂದ ಗಂಗೆ ಬಿಟ್ಟರು.

ನೀರು ಒಳಗೆ ನಿಲ್ಲಲಿಲ್ಲ. ಬಾಯಿಯ ಮೂಲೆಯಿಂದ ನೀಲಿಯಾಗಿ ಹೊರಗೆ ಬಂತು. ಬದರೀನಾಥ ಗಾಬರಿಯಿಂದ ಅಂಗವಸ್ತ್ರದ ತುದಿ ಹಿಡಿದು ಒರಸಲು ಬಗ್ಗಿದ. ವೇದವತಿ ಅವನ ಮಣಿಕಟ್ಟನ್ನು ಹಿಡಿದುಕೊಂಡಳು.

ಗೆರೆ ತುಟಿಯ ಅಂಚಿನಲ್ಲಿ ಕೂದಲಷ್ಟು ಸಣ್ಣಗೆ ಹುಟ್ಟಿತು. ನರೆತ ಗಡ್ಡದ ನಡುವೆ ನಿಧಾನವಾಗಿ ಇಳಿದು, ಗಲ್ಲದ ಮೇಲೆ ಉಬ್ಬಿ ಹೊಟ್ಟೆ ಬಂದು, ಕುತ್ತಿಗೆಯ ಕಡೆ ತಿರುಗುತ್ತ ಮತ್ತೆ ಸಣ್ಣಗಾಯಿತು.