ಕೆಂಚ ಎಲ್ಲಿ ಮಲಗಬೇಕು

ಲಾಯದಮ್ಮನಿಗೆ ಎರಡು ಜಾತಿಯ ಜನರನ್ನು ಕಂಡರೆ ಆಗುತ್ತಿರಲಿಲ್ಲ. ಕುದುರೆಯ ಮೇಲೆ ಕೂತು ಫೋಟೊ ತೆಗೆಸಿಕೊಂಡು, ಅದರ ಮೈ ಕೂಡ ಸವರದೆ ಇಳಿದುಹೋಗುವವರು ಒಂದು ಜಾತಿ. ಇನ್ನೊಂದು ಜಾತಿಯಲ್ಲಿ ಇದ್ದವನು ಒಬ್ಬನೇ, ಅವಳ ಮನೆಯಳಿಯ. ಫೋಟೊದವರು ಹೇಗೂ ಇಳಿದು ಹೋಗುತ್ತಾರೆ. ಅಳಿಯ ಮಾತ್ರ ನಾಲ್ಕು ದಿನಕ್ಕೆಂದು ಬಂದವನು ಬೇರು ಬಿಟ್ಟುಬಿಟ್ಟಿದ್ದ.

ಮೊದಲು ಅವನು ಬಚ್ಚಲಮನೆಯ ನಲ್ಲಿಗಳನ್ನು ಮಾರುವ ಅಂಗಡಿಯಲ್ಲಿದ್ದ. ಅಂಗಡಿ ಮುಚ್ಚಿತು. ಅದು ಇವನ ಕಾಲ್ಗುಣದಿಂದಲೇ ಮುಚ್ಚಿದ್ದು ಎಂಬುದರಲ್ಲಿ ಲಾಯದಮ್ಮನಿಗೆ ಅನುಮಾನವಿರಲಿಲ್ಲ. ಮಗಳು ಮಕ್ಕಳಿಗೆ ಸವಾರಿ ಕಲಿಸುತ್ತಿದ್ದಳು, ಕುದುರೆಗಳ ಮೇವು, ಮೈ, ಗೊರಸು ಎಲ್ಲ ಲಾಯದಮ್ಮನ ಪಾಲು. ಉಳಿದದ್ದು ಬೆಳಗ್ಗೆ ಲದ್ದಿ ಎತ್ತುವ ಕೆಲಸ. ಅದನ್ನು ಅಳಿಯನಿಗೆ ಕೊಟ್ಟರು. ಅವನು ಮೂಗಿಗೆ ಕರವಸ್ತ್ರ ಬಿಗಿದುಕೊಂಡು, ಸಲಿಕೆಯನ್ನು ಹಾವು ಹಿಡಿದವನ ಹಾಗೆ ಮೈಯಿಂದ ದೂರ ಹಿಡಿದು, ಒಂದು ಗಂಟೆಯ ಕೆಲಸವನ್ನು ಮಧ್ಯಾಹ್ನದವರೆಗೆ ಎಳೆಯುತ್ತಿದ್ದ.

ಹಾಗಂತ ಲಾಯದಮ್ಮ ಅವನಿಗೆ ಎಂದೂ ಮರ್ಯಾದೆ ತಪ್ಪಿ ಮಾತಾಡಿದವಳಲ್ಲ. ಬಹುವಚನದಲ್ಲೇ ಬೆನ್ನಿಗೆ ಬಾಸುಂಡೆ ಬರಿಸುವುದರಲ್ಲಿ ಅವಳದು ಎತ್ತಿದ ಕೈ. "ಇಷ್ಟು ಬೇಗ ಯಾಕೆ ಎದ್ರಿ ಅಳಿಯಂದ್ರೇ? ಸೂರ್ಯ ಇನ್ನೂ ನೆತ್ತಿಗೆ ಬಂದಿಲ್ಲ" ಎನ್ನುವಳು. ಅಳಿಯನೋ, ಅದನ್ನು ನಿಜವಾದ ಕಾಳಜಿ ಎಂದುಕೊಂಡು "ಪರವಾಗಿಲ್ಲ ಅತ್ತೆ" ಎನ್ನುವನು. ಬೈಗುಳ ತಾಗದ ಮನುಷ್ಯನನ್ನು ಬೈಯುವುದರಲ್ಲಿ ಏನು ಸುಖವಿದೆ? ಅವಳ ಅರ್ಧ ಸಿಟ್ಟು ಅದಕ್ಕೇ.

ಲಾಯ ಇದ್ದದ್ದು ಮನೆಯ ಬೆನ್ನಿಗೆ. ಅಡುಗೆಮನೆಗೂ ಅದಕ್ಕೂ ನಡುವೆ ಒಂದೇ ಗೋಡೆ. ಲಾಯದಲ್ಲಿ ಎರಡೇ ಕುದುರೆ: ಬೆಳ್ಳಿ ಎಂಬ ಬೂದು ಹೆಣ್ಣು, ಕೆಂಚ ಎಂಬ ಮುದಿ ಗಂಡು. ಕೆಂಚ ಹುಟ್ಟಿದ ವಾರದಲ್ಲೇ ತಾಯಿ ಸತ್ತಿತ್ತು. ಲಾಯದಮ್ಮ ಮಗಳನ್ನು ಒಂದು ಮಗ್ಗುಲಿಗೆ ಮಲಗಿಸಿ, ಎದ್ದು ಹೋಗಿ ಅವನಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿದ್ದಳು. ಮಗಳಿಗಿಂತ ಅವನೇ ಹೇಳಿದ ಮಾತು ಕೇಳುತ್ತಾನೆ ಎಂದು ಮಗಳ ಮುಂದೆಯೇ ಹೇಳುತ್ತಿದ್ದಳು.

ಆ ಕೆಂಚನಿಗೆ ಹೋದ ಚಳಿಗಾಲದಿಂದ ಕೆಮ್ಮು. ಬೆಳಗ್ಗೆ ಒಲೆಯ ಮೇಲೆ ನೀರಿಡುವ ಹೊತ್ತಿಗೆ ಗೋಡೆಯಾಚೆ ಶುರುವಾಗುತ್ತಿತ್ತು. ಕೆಮ್ಮಿದರೆ ಪಕ್ಕೆಗಳು ಒಳಕ್ಕೆ ಸೇದಿಕೊಂಡು ಉಸಿರಿನಲ್ಲಿ ಸಿಳ್ಳು ಕೇಳುತ್ತಿತ್ತು. ವೈದ್ಯ ಬಂದು ಅವನ ಗಂಟಲನ್ನು ಎರಡು ಬೆರಳಿನಿಂದ ಒತ್ತಿದ; ಕೆಂಚ ತಡೆಯಿಲ್ಲದೆ ಕೆಮ್ಮಿದ. "ಒಳಗೆ ದೂಳು ಇರಬಾರದು, ಗಾಳಿ ಆಡಬೇಕು. ಹೀಗೇ ಬಿಟ್ರೆ ಇನ್ನೊಂದು ಚಳಿಗಾಲ ದಾಟೋದು ಕಷ್ಟ" ಎಂದು ಹೇಳಿ ಹೋದ.

ಇನ್ನೊಂದು ಚಳಿಗಾಲ ಎಂಬ ಮಾತು ಲಾಯದಮ್ಮನ ಎದೆಗೆ ನಾಟಿತು. ಉಳಿದದ್ದನ್ನು ಅವಳು ತನಗೆ ಬೇಕಾದ ಹಾಗೆ ಕೇಳಿಸಿಕೊಂಡಳು. ದೂಳು ಇರಬಾರದಲ್ಲವೇ? ಕುದುರೆಗಳು ಒಳಗಿರುವಾಗಲೇ ದಿನಕ್ಕೆ ಮೂರು ಸಲ ಒಣ ಪೊರಕೆಯಿಂದ ನೆಲ ಗುಡಿಸಿದಳು. ಗಾಳಿಯ ಮಾತನ್ನು ಮಾತ್ರ ಅವಳು ಹೊಟ್ಟೆಗೆ ಹಾಕಿಕೊಂಡು ಕ್ಷಮಿಸಿಬಿಟ್ಟಳು. ಕೆಮ್ಮುವ ಪ್ರಾಣಿಗೆ ಯಾರಾದರೂ ಗಾಳಿ ಬಡಿಸುತ್ತಾರೆಯೇ? ಓದಿದವರ ತಲೆಯೇ ಹಾಗೆ! ಗಾಳಿಕಿಂಡಿಗೆ ಗೋಣಿಚೀಲ ತುರುಕಿದಳು. ಕೆಮ್ಮು ಹೆಚ್ಚಿತು. ಬಾಗಿಲ ಸಂದಿಗೂ ತುರುಕಿದಳು. ಇನ್ನೂ ಹೆಚ್ಚಿತು. ಕಾಲಡಿಗೆ ಮೊಣಕಾಲೆತ್ತರ ಒಣಹುಲ್ಲು ಹಾಸಿ, ಸೂರ್ಯ ಇಳಿಯುವ ಮೊದಲೇ ಅಗಳಿ ಹಾಕತೊಡಗಿದಳು. ಪ್ರೀತಿ ಹೆಚ್ಚಾದಷ್ಟೂ ಲಾಯ ಡಬ್ಬಿಯಾಗುತ್ತಾ ಹೋಯಿತು.

ಹೀಗಿರುವಾಗ ಒಂದು ಸಂಜೆ ಊಟಕ್ಕೆ ಕೂತಲ್ಲಿ ಅಳಿಯ ಬಾಯಿ ತೆರೆದ.

"ಅತ್ತೆ, ಕುದುರೆಗಳನ್ನ ರಾತ್ರಿ ಹೊರಗೇ ಬಿಟ್ರೆ ಹೇಗೆ? ಫೋನಲ್ಲಿ ನೋಡ್ತಿದ್ದೆ. ಕಾಡಲ್ಲಿ ಕುದುರೆಗಳಿಗೆ ಲಾಯ ಕಟ್ಟಿಕೊಟ್ಟೋರು ಯಾರು?"

"ಕಾಡಲ್ಲಿ ನಲ್ಲಿ ಹಾಕಿಕೊಟ್ಟೋರು ಯಾರು ಅಳಿಯಂದ್ರೇ? ಆದ್ರೂ ನೀವು ಮಾರ್ತಿದ್ರಲ್ಲ."

"ಹಾಗಲ್ಲ ಅತ್ತೆ. ಪ್ರಾಣಿಗಳಿಗೂ ಸ್ವಾತಂತ್ರ್ಯ ಬೇಕು. ನಕ್ಷತ್ರದ ಬೆಳಕು ಮೈಮೇಲೆ ಬಿದ್ರೆ ರಕ್ತ ಶುದ್ಧ ಆಗುತ್ತಂತೆ."

ಲಾಯದಮ್ಮ ತುತ್ತನ್ನು ತಟ್ಟೆಗೇ ಬಿಟ್ಟಳು. ಈ ಮಾತಿನ ಬಾಲ ಎಲ್ಲಿದೆ ಎಂಬುದು ಅವಳಿಗೆ ಹೊಳೆದುಹೋಗಿತ್ತು. ಕುದುರೆ ಹೊರಗೆ ಮಲಗಿದರೆ ಲದ್ದಿಯೂ ಹೊರಗೆ. ಲದ್ದಿ ಹೊರಗಾದರೆ ಸಲಿಕೆಗೆ ರಜೆ. "ರಕ್ತ ಶುದ್ಧ ಆಗೋದು ಕುದುರೇದೋ, ಬೆಳಗ್ಗೆ ಹಾಸಿಗೆ ಬಿಡೋಕಾಗದವರದೋ?" ಎಂದಳು. ಅಳಿಯನ ಕಿವಿ ಕೆಂಪಾಯಿತು. ಅಂದರೆ ಗುರಿ ಸರಿಯಾಗಿಯೇ ತಾಗಿತ್ತು. ಅಳಿಯನ ವಿಷಯದಲ್ಲಿ ಲಾಯದಮ್ಮ ಎಣಿಸಿದ್ದು ಸುಳ್ಳಾದದ್ದೇ ಇಲ್ಲ, ಅದನ್ನು ಒಪ್ಪಲೇಬೇಕು.

"ಅಮ್ಮ, ಒಂದು ರಾತ್ರಿ ಬಿಟ್ಟು ನೋಡೋಣ. ಒಳಗಿದ್ದು ವಾಸಿಯೇನೂ ಆಗ್ತಿಲ್ವಲ್ಲ" ಎಂದಳು ಮಗಳು.

ಲಾಯದಮ್ಮ ಕಿಟಕಿಯ ಕಡೆ ನೋಡಿದಳು. ಮೋಡ ದಟ್ಟವಾಗಿ ಕಟ್ಟಿತ್ತು. ಅದನ್ನು ನೋಡಿಯೇ ಅವಳು ಒಪ್ಪಿದಳು.

"ಆಯ್ತು. ಇವತ್ತೇ ಬಿಡೋಣ. ಬೆಳಗ್ಗೆ ಕೆಂಚ ಕೆಮ್ಮಿದ್ರೆ ಈ ಮನೇಲಿ ಮತ್ತೆ ಈ ಮಾತು ಎತ್ತಬಾರದು. ಲದ್ದಿ ಜೊತೆಗೆ ಜೀನು, ಲಗಾಮು ಒರೆಸೋದೂ ಅಳಿಯಂದ್ರ ಪಾಲಿಗೆ."

"ಕೆಮ್ಮದೇ ಇದ್ರೆ?" ಎಂದ ಅಳಿಯ.

"ಕೆಮ್ಮದೇ ಇದ್ರೆ ಅವು ಹೊರಗೇ ಇರಲಿ. ಚಾಪೆ ತಗೊಂಡು ಹೋಗಿ ನೀವೂ ಅಲ್ಲೇ ಮಲಗಿ."

ಕೆಮ್ಮಿತೋ ಇಲ್ಲವೋ ಎಂದು ಹೇಳುವವರು ಯಾರು ಎಂಬ ಪ್ರಶ್ನೆ ಏಳಲೇ ಇಲ್ಲ. ಆ ಹೊತ್ತಿಗೆ ಎದ್ದಿರುತ್ತಿದ್ದವಳು ಅವಳೊಬ್ಬಳೇ.

ಬೇಲಿಯೊಳಗಿನ ಬಯಲಿಗೆ ಬಿಟ್ಟಾಗ ಬೆಳ್ಳಿ ನೆಲಕ್ಕೆ ಬಿದ್ದು ಹೊರಳಾಡಿತು. ಕೆಂಚ ಮಾತ್ರ ಮುಚ್ಚಿದ ಲಾಯದ ಬಾಗಿಲ ಮುಂದೆ ಬಂದು ನಿಂತ. "ನೋಡಿ, ಸ್ವಾತಂತ್ರ್ಯ ಬೇಕು ಅಂತ ಹ್ಯಾಗೆ ಕುಣೀತಿದ್ದಾನೆ!" ಎಂದು ಲಾಯದಮ್ಮ ಒಳಗೆ ಹೋದಳು. ಅವನು ಆಮೇಲೆ ಬೆಳ್ಳಿಯ ಹಿಂದೆ ಹೋದದ್ದನ್ನು ಅವಳು ನೋಡಲಿಲ್ಲ. ರಾತ್ರಿ ಮಳೆ ಚೆನ್ನಾಗಿ ಹುಯ್ಯಿತು. ಅವಳೂ ಚೆನ್ನಾಗಿ ನಿದ್ದೆ ಮಾಡಿದಳು.

ಬೆಳಗ್ಗೆ ಕಂಬಳಿ ಹೆಗಲಿಗೆ ಹಾಕಿಕೊಂಡು ಹೊರಟಾಗ ಆಡಬೇಕಾದ ಮಾತುಗಳೆಲ್ಲ ನಾಲಿಗೆಯ ಮೇಲೆ ಸಾಲಾಗಿ ನಿಂತಿದ್ದವು. 'ಬನ್ನಿ ಅಳಿಯಂದ್ರೇ, ನಿಮ್ಮ ನಕ್ಷತ್ರದ ಬೆಳಕು ನೋಡಿ' ಎಂಬಲ್ಲಿಂದ ಶುರು ಮಾಡುವುದೆಂದು ನಿಶ್ಚಯಿಸಿದ್ದಳು. ಬಯಲಿನ ತುದಿಯಲ್ಲಿ ಕೆಂಚ ತಲೆ ತಗ್ಗಿಸಿ ಹುಲ್ಲು ಮೇಯುತ್ತಿದ್ದ. ಮೈಯೆಲ್ಲ ಕೆಸರು, ಬೆನ್ನು ಒದ್ದೆ. ಜೂಲಿನ ಕೆಳಗೆ ಕೈ ತೂರಿಸಿದಳು. ಬೆಚ್ಚಗಿತ್ತು.

ನಿಂತು ಕಾದಳು. ಅವನು ಮೇಯುತ್ತಲೇ ಇದ್ದ. ಪಕ್ಕೆಗೆ ಕಿವಿಯಿಟ್ಟಳು, ಉಸಿರು ಸಲೀಸಾಗಿ ಹೋಗಿ ಬರುತ್ತಿತ್ತು, ಆ ಸಿಳ್ಳಿನ ಸದ್ದೇ ಇರಲಿಲ್ಲ. ಸ್ವಲ್ಪ ದೂರ ಓಡಿಸಿದಳು. ಓಡಿದರೆ ಕೆಮ್ಮು ಬರುವುದು ಖಂಡಿತ. ಅವನು ಓಡಿ, ತಿರುಗಿ ಬಂದು, ಮೂಗರಳಿಸಿ ನಿಂತ. ಕೆಮ್ಮಲಿಲ್ಲ.

"ಕೆಮ್ಮೋ" ಎಂದಳು ಲಾಯದಮ್ಮ ಮೆಲ್ಲಗೆ. "ಒಂದೇ ಒಂದ್ಸಲ ಕೆಮ್ಮೋ, ನನ್ನಪ್ಪಾ."

ಅಷ್ಟಕ್ಕೇ ನಿಲ್ಲಲಿಲ್ಲ. ವೈದ್ಯ ಮಾಡಿದ ಹಾಗೆ ಎರಡು ಬೆರಳಿನಿಂದ ಅವನ ಗಂಟಲನ್ನು ಒತ್ತಿದಳು. ಕೆಂಚ ಏನೋ ಆಟವೆಂದುಕೊಂಡು ಅವಳ ಹೆಗಲಿಗೆ ಮುಖ ತಿಕ್ಕಿದ. ಇನ್ನೂ ಗಟ್ಟಿಯಾಗಿ ಒತ್ತಿದಳು. ಅವನು ತಲೆ ಹಿಂದಕ್ಕೆಳೆದುಕೊಂಡ, ಕೆಮ್ಮು ಮಾತ್ರ ಬರಲಿಲ್ಲ.

"ಹೇಗಿದ್ದಾನೆ ಅತ್ತೆ?"

ಬೇಲಿಯಾಚೆ ಅಳಿಯ ಆಕಳಿಸುತ್ತಾ ನಿಂತಿದ್ದ. ಇಂಥ ಹೊತ್ತಿನಲ್ಲಿ ಅವನು ಎದ್ದದ್ದು ಮದುವೆಯಾದ ಮೇಲೆ ಇದೇ ಮೊದಲು. ಅವನ ಹಿಂದೆ ಮಗಳೂ ಬರುತ್ತಿದ್ದಳು. ಲಾಯದಮ್ಮ ಕೈಯನ್ನು ಕಂಬಳಿಯೊಳಗೆ ಸೇರಿಸಿಕೊಂಡಳು. ಆ ಉಬ್ಬಿದ ಮುಖ, ಆ ಕೆದರಿದ ತಲೆ! ಇವನಿಗೆ ಸೋಲುವುದೇ? ಇನ್ನು ಮುಂದೆ ಇವನ ನಕ್ಷತ್ರದ ಮಾತಿಗೆಲ್ಲ ತಲೆಯಾಡಿಸಿಕೊಂಡು ಬದುಕುವುದೇ?

"ಕೆಮ್ಮಿದ" ಎಂದಳು. "ಬೆಳಗ್ಗೆಯಿಂದ ಒಂದೇ ಸಮ."

ವಾದ ಹೂಡುತ್ತಾನೆಂದು ಸೆರಗು ಬಿಗಿದು ನಿಂತಳು. ಅಳಿಯ ವಾದ ಹೂಡಲೇ ಇಲ್ಲ. ಅವನ ಮುಖ ಸಣ್ಣದಾಯಿತು.

"ಛೇ, ನನ್ನಿಂದ ಅವನಿಗೆ ತೊಂದರೆ ಆಯ್ತು" ಎಂದ. "ಬೇಗ ಒಳಗೆ ಕಟ್ತೀನಿ ಇರಿ. ನೀವು ಹೇಳಿದ ಕೆಲಸ ಎಲ್ಲ ಮಾಡ್ತೀನಿ ಅತ್ತೆ."

ಬೇಲಿ ದಾಟಿ ಬಂದು ಹಗ್ಗ ಹಾಕಿದ. ಕೆಂಚ ಒಂದಿಷ್ಟೂ ಎಳೆಯದೆ ಅವನ ಹಿಂದೆ ಹೊರಟ. ಬೆಳ್ಳಿ ಕೆನೆದು ಹಿಂಬಾಲಿಸಿತು. ಅಳಿಯ, ಕೆಂಚ ಇಬ್ಬರಲ್ಲಿ ಯಾರಾದರೂ ಒಬ್ಬರು ಹಟ ಮಾಡಲಿ ಎಂದು ಲಾಯದಮ್ಮ ಕಾದಳು. ಅಳಿಯ ಬಾಗಿಲು ತೆರೆದ, ಕೆಂಚನನ್ನು ಒಳಗೆ ನಿಲ್ಲಿಸಿದ, ಮಳೆಯಲ್ಲಿ ನೆನೆದವನಿಗೆ ಬೆಚ್ಚಗಾಗಲೆಂದು ಒಣಹುಲ್ಲನ್ನು ಕೊಡವಿ ಕೊಡವಿ ಹಾಸಿದ. ಜೀವಮಾನದಲ್ಲಿ ಅವನು ಮನಸ್ಸಿಟ್ಟು ಮಾಡಿದ ಮೊದಲ ಕೆಲಸ ಅದು. ದೂಳು ಮೋಡದ ಹಾಗೆ ಎದ್ದು ಬಾಗಿಲವರೆಗೂ ಬಂತು.

ಕೆಂಚ ಕೆಮ್ಮಿದ. ನಿಲ್ಲಿಸಿ, ಉಸಿರೆಳೆದು, ಮತ್ತೆ ಕೆಮ್ಮಿದ. ಪಕ್ಕೆಗಳು ಸೇದಿಕೊಂಡು ಕಾಲು ತಡವರಿಸಿತು.

"ನೀವು ಹೇಳಿದ್ದೇ ಸರಿ ಅತ್ತೆ!" ಎಂದು ಅಳಿಯ ಒಳಗಿನಿಂದ ಕೂಗಿದ. "ಪಾಪ, ರಾತ್ರಿಯೆಲ್ಲ ಹೀಗೇ ಒದ್ದಾಡಿದ್ದಾನೆ. ಬಾಗಿಲು ಹಾಕಿಬಿಡ್ಲಾ?"

ಮಗಳು ಬಾಗಿಲಿಗೆ ಕೈಯಿಟ್ಟಿದ್ದಳು. ಲಾಯದಮ್ಮ ಓಡಿದಳು. ಆ ವಯಸ್ಸಿನಲ್ಲಿ, ಕಂಬಳಿ ಕೆಸರಿಗೆ ಬಿದ್ದದ್ದೂ ತಿಳಿಯದೆ ಓಡಿದಳು.

"ಹೊರಗೆ ಕರ್ಕೊಂಡು ಬನ್ನಿ ಅವನನ್ನ! ಬೇಗ ಬನ್ನಿ!"

"ಆದ್ರೆ ಅತ್ತೆ, ಹೊರಗಿದ್ದೇ ಅಲ್ವಾ ಕೆಮ್ಮು..."

"ಕೆಮ್ಮಲಿಲ್ಲ ಕಣ್ರೀ ಅವನು. ಗಂಟಲು ಹಿಚುಕಿದ್ರೂ ಕೆಮ್ಮಲಿಲ್ಲ. ನಾನು ಸುಳ್ಳು ಹೇಳಿದೆ." ಅಳಿಯ ಬಾಯಿ ಬಿಟ್ಟುಕೊಂಡು ನಿಂತ. ಅವಳಿಗೆ ಉರಿದುಹೋಯಿತು. "ಹಾಗೇನು ನೋಡ್ತೀರಿ? ಹೊರಗೆ ಬಿಡಿ ಅಂತ ನೀವು ಗೊತ್ತಿದ್ದು ಹೇಳಿದ್ದಲ್ಲ. ನಿಮಗೆ ಬೇಕಾಗಿದ್ದದ್ದು ನಿದ್ದೆ."

"ಹೌದು ಅತ್ತೆ" ಎಂದು ಅಳಿಯ ಒಪ್ಪಿಕೊಂಡ. ಅವನು ಕೆಂಚನನ್ನು ಹೊರಗೆ ಕರೆತಂದು ಹಗ್ಗವನ್ನು ಅವಳ ಕೈಗೆ ಕೊಟ್ಟ.

ಮಗಳು ಮಾತಾಡದೆ ತಾಯಿಯನ್ನೇ ನೋಡುತ್ತಿದ್ದಳು. ಬೈದಿದ್ದರೆ ಲಾಯದಮ್ಮ ಎರಡು ಪಟ್ಟು ತಿರುಗಿಸಿ ಬೈಯುತ್ತಿದ್ದಳು. ಸುಮ್ಮನಿದ್ದವಳಿಗೆ ಏನು ಹೇಳುವುದು? ಕೆಂಚನ ಕೆಮ್ಮು ತಹಬಂದಿಗೆ ಬರುವವರೆಗೆ ಅವನ ಪಕ್ಕೆಗೆ ಕೈ ಒತ್ತಿಕೊಂಡು ನಿಂತಳು.

"ಹೋದ ಚಳಿಗಾಲದಿಂದ ಇವನನ್ನ ಕೆಮ್ಮಿಸ್ತಾ ಇರೋದು ನಾನೇ ಕಣೇ" ಎಂದಳು. ಆಮೇಲೆ ಅಳಿಯನ ಎದುರಿಗೇ, ಮುಖ ಮುಚ್ಚಿಕೊಳ್ಳದೆ ಅತ್ತಳು.